ನಾಲ್ಕು ಭಾನುವಾರಗಳ ಹಾಜರಿ

ತೀರಿಹೋದ ಮನುಷ್ಯನಿಗೆ ನಾಲ್ಕು ಭಾನುವಾರ ಹಾಜರಿ ಹಾಕಿದವಳು ನಾನು. ಬೇರೆಯವರ ಮೇಲೆ ಹೊರಿಸೋಣವೆಂದರೆ ರಿಜಿಸ್ಟರಿನಲ್ಲಿರುವುದು ನನ್ನದೇ ಕೈಬರಹ, ನನ್ನದೇ ನೀಲಿ ಪೆನ್ನು. ಅದರಿಂದಾದ ಅನಾಹುತವನ್ನು ಈಗ ಬರೆಯಲು ಕೂತಿದ್ದೇನೆ. ಬರೆಯಿರಿ ಎಂದು ಯಾರೂ ಕೇಳಿಲ್ಲ. ಬರೆಯದಿದ್ದರೆ ಸಮಾಧಾನವಿಲ್ಲ, ಬರೆದರೂ ಸಿಗುವ ಹಾಗೆ ಕಾಣುವುದಿಲ್ಲ.

ನಂಜನಗೂಡಿನ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಊರಿನ ಐದಾರು ಮಂದಿ ಮೇಷ್ಟ್ರುಗಳು ಸೇರಿ ಕಟ್ಟಿದ ಸಂಘವೊಂದಿದೆ. ದೂರ ಶಿಕ್ಷಣದಲ್ಲಿ ಪದವಿ ಓದುವ ನಂಜನಗೂಡು, ತಿ. ನರಸೀಪುರ ತಾಲ್ಲೂಕಿನವರಿಗೆ ನೆರವಾಗುವುದು ಅದರ ಕೆಲಸ. ಅರ್ಜಿ ತುಂಬಿಸುತ್ತೇವೆ, ಪಠ್ಯಪುಸ್ತಕದ ಕಟ್ಟುಗಳನ್ನು ತರಿಸಿಕೊಡುತ್ತೇವೆ, ಅಸೈನ್‌ಮೆಂಟ್‌ಗಳನ್ನು ಒಟ್ಟು ಮಾಡಿ ಮೈಸೂರಿನ ಕಚೇರಿಗೆ ಮುಟ್ಟಿಸುತ್ತೇವೆ. ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ಒಂದು ಹೈಸ್ಕೂಲಿನ ಎರಡು ಕೋಣೆಗಳಲ್ಲಿ ಭಾನುವಾರದ ಸಂಪರ್ಕ ತರಗತಿಗಳನ್ನೂ ನಡೆಸುತ್ತಿದ್ದೆವು. ನಾನು ಸಂಘದ ಕಾರ್ಯದರ್ಶಿ. ಗ್ರಂಥಾಲಯ ವಿಜ್ಞಾನದ ತರಗತಿಗೆ ಪಾಠ ಮಾಡುವವಳೂ ನಾನೇ.

ಮಿಕ್ಕ ಕೋರ್ಸುಗಳಿಗೆ ತರಗತಿಗೆ ಬಂದರೂ ಆಯಿತು, ಬಾರದಿದ್ದರೂ ಆಯಿತು. ಗ್ರಂಥಾಲಯ ವಿಜ್ಞಾನಕ್ಕೆ ಹಾಗಲ್ಲ. ಪುಸ್ತಕಕ್ಕೆ ವಿಷಯವಾರು ವರ್ಗ ಸಂಖ್ಯೆ ಕೊಡುವುದು, ಕ್ಯಾಟಲಾಗ್ ಕಾರ್ಡ್ ಬರೆಯುವುದು ಎಲ್ಲ ಕೈಯಿಂದ ಮಾಡಿ ಕಲಿಯಬೇಕಾದ್ದು. ಆದ್ದರಿಂದ ಹನ್ನೆರಡು ಭಾನುವಾರಗಳಲ್ಲಿ ಒಂಬತ್ತಕ್ಕಾದರೂ ಬಂದಿರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಿಯಮ ಸರಿಯಾದದ್ದೇ. ಆದರೆ ನಮ್ಮಲ್ಲಿ ಓದಲು ಹೆಸರು ಬರೆಸುವವರು ಯಾರು? ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿಗೆ ಹೋಗುವವರು, ಖಾಸಗಿ ಶಾಲೆಯ ಟೀಚರುಗಳು, ಕೊರಿಯರ್ ಹಂಚುವವರು. ಭಾನುವಾರ ಅವರಿಗೆ ಓವರ್‌ಟೈಮು, ಇಲ್ಲವೇ ವಾರದ ಬಟ್ಟೆ ಒಗೆಯುವ ದಿನ. ಮೊದಲ ಎರಡು ವಾರ ಬೆಂಚು ತುಂಬುತ್ತದೆ. ಆಮೇಲೆ ನಾಲ್ಕು ಜನ, ಮೂರು ಜನ.

ನಮ್ಮ ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲರು, ಮೃದು ಮನಸ್ಸಿನವರು. ಮೊದಲ ವರ್ಷವೇ ಅವರು ನನಗೆ ಹೇಳಿದ್ದರು. "ಅವರೇನು ಸಿನಿಮಾಕ್ಕೆ ಹೋಗಿರ್ತಾರೇನಮ್ಮ? ಹೊಟ್ಟೆಪಾಡಿಗೆ ಹೋಗಿರ್ತಾರೆ. ಒಂದು ಗೆರೆ ಎಳೆದರೆ ನಮ್ಮ ಗಂಟೇನು ಹೋಗುತ್ತೆ?" ನನಗೂ ಹೌದೆನ್ನಿಸಿತು. ಅಂದಿನಿಂದ ಕೊನೆಯ ಭಾನುವಾರದ ಸಂಜೆ ನಾನು ರಿಜಿಸ್ಟರ್ ಹಿಡಿದು ಕೂರುವುದು, ಖಾಲಿ ಚೌಕಗಳನ್ನು ತುಂಬುವುದು ಪದ್ಧತಿಯಾಯಿತು. ಅದರಲ್ಲೂ ನನ್ನದೊಂದು ಜಾಣತನವಿತ್ತು. ಎಲ್ಲರಿಗೂ ಹನ್ನೆರಡಕ್ಕೆ ಹನ್ನೆರಡು ಕೊಡುತ್ತಿರಲಿಲ್ಲ, ಸಹಜವಾಗಿ ಕಾಣಲೆಂದು ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಮೂರು ಗೈರು ಬಿಡುತ್ತಿದ್ದೆ. ನಮ್ಮ ಕೇಂದ್ರದ ಒಬ್ಬ ವಿದ್ಯಾರ್ಥಿಯೂ ಹಾಜರಿ ಸಾಲದೆ ಪರೀಕ್ಷೆ ತಪ್ಪಿಸಿಕೊಂಡಿಲ್ಲವೆಂದು ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಹೇಳಿದಾಗ ಚಪ್ಪಾಳೆ ಬೀಳುತ್ತಿತ್ತು. ನಾನೂ ತಟ್ಟುತ್ತಿದ್ದೆ.

ಆ ವರ್ಷದ ತರಗತಿಯಲ್ಲಿ ಇಪ್ಪತ್ತೆರಡು ಹೆಸರಿದ್ದವು. ಇಬ್ಬರ ವಿಷಯ ಮಾತ್ರ ಹೇಳಬೇಕು.

ಒಬ್ಬ ಬದನವಾಳಿನವನು, ಕಾರ್ಖಾನೆಯ ಕೆಲಸಗಾರ. ಮೊದಲ ಐದು ತರಗತಿಗೆ ಬಂದ. ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಿದ್ದನಾದ್ದರಿಂದ ನಿದ್ದೆ ಹತ್ತದಿರಲೆಂದು ಕಿಟಕಿ ಪಕ್ಕ ಕೂರುತ್ತಿದ್ದ. ಆರನೆಯ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಪಾಳಿ ಬದಲಾಗಿರಬೇಕು ಎಂದುಕೊಂಡೆ. ಅವನ ನಂಬರು ನನ್ನ ಫೋನಿನಲ್ಲಿತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು.

ಇನ್ನೊಬ್ಬಳು ತಿ. ನರಸೀಪುರದ ಆಚೆ ಒಂದು ಹಳ್ಳಿಯಲ್ಲಿ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಹೆಣ್ಣುಮಗಳು. ಊರಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಮತ್ತೊಂದು. ಹತ್ತಕ್ಕೆ ತರಗತಿಯೆಂದರೆ ಒಂಬತ್ತೂವರೆಗೇ ಹೈಸ್ಕೂಲಿನ ಗೇಟಿನ ಬಳಿ ನಿಂತಿರುತ್ತಿದ್ದಳು. ಹನ್ನೆರಡು ಭಾನುವಾರವೂ ಬಂದವಳು ಇಪ್ಪತ್ತೆರಡರಲ್ಲಿ ಅವಳೊಬ್ಬಳೇ. ಏಳನೆಯ ವಾರ ಮಿಕ್ಕವರಾರೂ ಬರಲಿಲ್ಲ, ಅವಳೊಬ್ಬಳಿಗೇ ಎರಡು ಗಂಟೆ ಪಾಠ ಮಾಡಿದೆ. ಅವಳ ಪ್ರಶ್ನೆಗಳೆಲ್ಲ ಅವಳ ಕಪಾಟಿನಿಂದಲೇ ಬರುತ್ತಿದ್ದವು.

"ಮೇಡಂ, ರೇಷ್ಮೆ ಸಾಕಣೆ ಪುಸ್ತಕ ಮೂರವೆ ನಮ್ತಾವು. ಹುಳಾನ ಪ್ರಾಣಿ ಕಡೆ ಇಕ್ಕದಾ, ಬೇಸಾಯದ ಕಡೆ ಇಕ್ಕದಾ?"

"ಪುಸ್ತಕ ಯಾರಿಗೋಸ್ಕರ ಬರೆದಿದ್ದಾರೆ ನೋಡು. ಹುಳುವಿನ ಮೈ ಹೇಗಿದೆ ಅಂತ ಹೇಳುತ್ತೋ, ಸಾಕೋದು ಹೇಗೆ ಅಂತಲೋ?"

"ಸಾಕದು. ಹಂಗಾರೆ ಬೇಸಾಯಕ್ಕೇ ಓಯ್ತು" ಎಂದು ಬರೆದುಕೊಂಡಳು. ಮುಂದಿನ ವಾರ ಬರುವಷ್ಟರಲ್ಲಿ ಆ ಮೂರಕ್ಕೂ ಚೀಟಿ ಅಂಟಿಸಿಯಾಗಿತ್ತು.

ಅವಳಿಗೆ ಅದು ಕೊನೆಯ ಅವಕಾಶವಾಗಿತ್ತು. ಹೆಸರು ನೋಂದಾಯಿಸಿದ ಮೇಲೆ ಇಂತಿಷ್ಟು ವರ್ಷದೊಳಗೆ ಮುಗಿಸಬೇಕೆಂಬ ಗಡುವಿದೆ. ಒಂದು ವರ್ಷ ಹೆರಿಗೆಯಲ್ಲಿ ಹೋಗಿತ್ತು, ಇನ್ನೊಂದು ವರ್ಷ ಮಾವನನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದರಲ್ಲಿ. ಈ ಜೂನಿನ ಪರೀಕ್ಷೆ ತಪ್ಪಿದರೆ ನೋಂದಣಿಯೇ ರದ್ದು, ಮತ್ತೆ ಮೊದಲಿನಿಂದ. ಹಾಗೆ ಮೊದಲಿನಿಂದ ಓದಿ ಪದವಿ ಪಡೆಯುವ ಹೊತ್ತಿಗೆ ಸರ್ಕಾರಿ ಗ್ರಂಥಾಲಯದ ಹುದ್ದೆಗೆ ಅರ್ಜಿ ಹಾಕುವ ವಯಸ್ಸು ಮೀರಿರುತ್ತದೆ. ಇದನ್ನೆಲ್ಲ ಅವಳು ಹೇಳಿಕೊಂಡು ಅತ್ತವಳಲ್ಲ. ಅರ್ಜಿ ತುಂಬಿಸುವಾಗ ನಾನೇ ಲೆಕ್ಕ ಹಾಕಿ ಹೇಳಿದ್ದೆ.

ಮೇ ತಿಂಗಳ ಆರಂಭದಲ್ಲಿ ವಿಶ್ವವಿದ್ಯಾಲಯದ ಪತ್ರ ಬಂತು. ನಮ್ಮ ತರಗತಿಯ ಇಪ್ಪತ್ತೆರಡು ಹಾಲ್ ಟಿಕೆಟ್‌ಗಳನ್ನೂ ತಡೆಹಿಡಿಯಲಾಗಿದೆ, ಜನವರಿಯಲ್ಲಿ ನಿಧನರಾದ ವಿದ್ಯಾರ್ಥಿಯೊಬ್ಬರು ಫೆಬ್ರವರಿ, ಮಾರ್ಚ್ ತಿಂಗಳ ತರಗತಿಗಳಿಗೆ ಹಾಜರಾಗಿರುವುದು ಹೇಗೆಂದು ಏಳು ದಿನದೊಳಗೆ ವಿವರಣೆ ನೀಡತಕ್ಕದ್ದು. ಬದನವಾಳಿನವನು ಸತ್ತಿದ್ದೇ ನನಗೆ ಆ ಪತ್ರದಿಂದ ಗೊತ್ತಾದದ್ದು. ಅಯ್ಯೋ ಪಾಪ ಅನ್ನಿಸುವುದಕ್ಕೆ ಮೊದಲು ಅಯ್ಯೋ ಸಿಕ್ಕಿಬಿದ್ದೆ ಅನ್ನಿಸಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಅಧ್ಯಕ್ಷರು ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಮ್ಮ, ಇದು ಕಣ್ತಪ್ಪು ಅಂತ ಬರೆದುಬಿಡೋಣ. ಪಕ್ಕದ ಸಾಲಿನ ಹಾಜರಿ ಅವನ ಸಾಲಿಗೆ ಬಿದ್ದಿದೆ, ಅಷ್ಟೆ. ಮಿಕ್ಕಿದ್ದೆಲ್ಲ ಸರಿಯಾಗಿದೆ."

"ಸರಿಯಾಗಿದೆಯಾ ಸರ್?"

"ಈಗ ನೀನು ನನ್ನ ಮೇಲೆ ತನಿಖೆ ಮಾಡಬೇಡಮ್ಮ. ಇಪ್ಪತ್ತೊಂದು ಮಕ್ಕಳಿದ್ದಾರೆ."

ನಾನು ಬರೆದೆ. ಬೇಗನೇ ಬರೆದೆ. ಒಂದೇ ಒಂದು ಸಾಲಿನ ಕಣ್ತಪ್ಪು ಎಂದು ಅಚ್ಚುಕಟ್ಟಾಗಿ ಟೈಪು ಮಾಡಿ, ಕ್ಷಮೆ ಕೋರಿ, ಮುದ್ರೆ ಒತ್ತಿ ಕಳಿಸಿದೆ. ಹಗುರಾದೆ ಕೂಡ. ಪಂಚಾಯ್ತಿ ಗ್ರಂಥಾಲಯದವಳ ಪರೀಕ್ಷೆ ಇದರಿಂದ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಿಗೆ ಒಂದು ಒಳ್ಳೆಯ ಕಾರಣ ಸಿಕ್ಕಿಬಿಟ್ಟರೆ ಕೈ ಎಷ್ಟು ಸಲೀಸಾಗಿ ಓಡುತ್ತದೆ!

ಅಧ್ಯಕ್ಷರು ಇನ್ನೊಂದು ಕೆಲಸ ಹೇಳಿದರು. ಸತ್ತವನ ಹೆಂಡತಿಯಿಂದ ದೂರೇನೂ ಇಲ್ಲವೆಂದು ಒಂದು ಚೀಟಿ ಬರೆಸಿಕೊಂಡು ಬರಬೇಕು. ಬದನವಾಳಿಗೆ ಹೋದೆ. ಆಕೆ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುವವಳು. ನೆರಳಲ್ಲಿ ಒಂದು ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟಳು. ಗಂಡ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕಿದ್ದ. ಅವನ ಫೋನು ಈಗ ಅವಳ ಹತ್ತಿರವಿತ್ತು. ಅದಕ್ಕೇ ವಿಶ್ವವಿದ್ಯಾಲಯದ ಮೆಸೇಜು ಬಂದಿತ್ತು. ನೀವು ಪರೀಕ್ಷೆಗೆ ಅರ್ಹರಾಗಿದ್ದೀರಿ, ನೀವು ಕೊನೆಯ ಬಾರಿ ತರಗತಿಗೆ ಹಾಜರಾದ ದಿನ ಮಾರ್ಚಿನ ಇಂಥ ಭಾನುವಾರ.

"ನಾನು ಅದ್ನ ನಾಕ್ ಸತಿ ಓದ್ದೆ ಕಣವ್ವ" ಎಂದಳು. "ಜನ್ವರೀಲೇ ಮಣ್ಣು ಮಾಡ್ದೋ. ಮಾರ್ಚಿಲಿ ಬಂದಿದ್ರು ಅಂತದೆ. ನಂಗೇನೋ ಆಗೋಯ್ತು. ಯಾರ್ತಾವೂ ಏಳ್ನಿಲ್ಲ. ಮೈಸೂರಾಪೀಸಿಗೆ ಓಗಿ ಕೇಳ್ದೆ."

"ಏನಂತ ಕೇಳಿದಿರಿ?"

"ಅವ್ರು ಬಂದಿದ್ರಾ ಅಂತ."

ದೂರು ಕೊಡಲು ಹೋದವಳಲ್ಲ. ಅಲ್ಲಿ ಗುಮಾಸ್ತರು ಮರಣ ಪ್ರಮಾಣಪತ್ರ ತನ್ನಿ ಎಂದರಂತೆ, ತಂದು ಕೊಟ್ಟಳಂತೆ, ಅಷ್ಟೇ. ನನ್ನನ್ನೂ ಅದನ್ನೇ ಕೇಳಿದಳು, ನೀವೇ ಅಲ್ಲವಾ ಮೇಡಂ ಪಾಠ ಮಾಡುತ್ತಿದ್ದವರು, ನೀವು ನೋಡಿದ್ದಿರಾ ಎಂದು. ಇಲ್ಲಮ್ಮ, ನಾನು ಸುಳ್ಳು ಬರೆದೆ ಎಂದೆ. ಬಾಯಿಂದ ಬಂದ ಮೊದಲ ನಿಜ ಅದು. ಆಕೆ ಬೈಯಲಿಲ್ಲ. ಹೌದಾ ಎಂದು ನೆಲ ನೋಡಿದಳು. ಬ್ಯಾಗಿನಲ್ಲಿದ್ದ ಖಾಲಿ ಹಾಳೆಯನ್ನು ಹೊರತೆಗೆಯಲು ಧೈರ್ಯ ಬರಲಿಲ್ಲ, ಹಾಗೇ ವಾಪಸ್ಸು ಬಂದೆ.

ನಮ್ಮ ವಿವರಣೆಯನ್ನು ವಿಶ್ವವಿದ್ಯಾಲಯ ನಂಬಲಿಲ್ಲ. ಒಬ್ಬ ಅಧಿಕಾರಿಯನ್ನು ಕಳಿಸಿತು. ಅವರು ಭಾನುವಾರವೇ ಬಂದರು, ವಿದ್ಯಾರ್ಥಿಗಳನ್ನೆಲ್ಲ ಕರೆಸಿ ಎಂದರು. ಹಾಲ್ ಟಿಕೆಟ್ ಹೋಗುತ್ತದೆಂದು ಗೊತ್ತಾಗಿ ಇಪ್ಪತ್ತೊಂದು ಜನರೂ ಬಂದುಬಿಟ್ಟರು. ಇಡೀ ವರ್ಷದಲ್ಲಿ ಮೊದಲ ಸಲ ಪಕ್ಕದ ಕೋಣೆಯಿಂದ ಬೆಂಚು ಎಳೆದು ತರಬೇಕಾಯಿತು. ಕೆಲವರಿಗೆ ತರಗತಿ ನಡೆಯುವ ಕೋಣೆ ಯಾವುದೆಂದು ಗೊತ್ತಿರಲಿಲ್ಲ, ಕಾವಲುಗಾರನನ್ನು ಕೇಳಿಕೊಂಡು ಬಂದರು. ಅಧಿಕಾರಿ ನಮ್ಮ ಅಧ್ಯಕ್ಷರ ಜೊತೆ ವರಾಂಡದಲ್ಲಿ ನಿಂತು ಅದನ್ನೂ ನೋಡುತ್ತಿದ್ದರು.

ಕೂಗಾಡುವ ಮನುಷ್ಯರಾಗಿದ್ದರೆ ಎದುರು ಮಾತಾಡಬಹುದಿತ್ತು. ಅವರು ತಣ್ಣಗಿದ್ದರು. ಬೋರ್ಡಿನ ಮೇಲೆ ಒಂದು ಪುಸ್ತಕದ ವಿವರ ಬರೆದರು. ಇಬ್ಬರು ಲೇಖಕರು, ಎರಡನೆಯ ಮುದ್ರಣ, ಪುಟ, ಅಳತೆ. ಎಲ್ಲರಿಗೂ ಒಂದೊಂದು ಖಾಲಿ ಕಾರ್ಡು ಕೊಟ್ಟರು.

"ಈ ಪುಸ್ತಕಕ್ಕೆ ಕ್ಯಾಟಲಾಗ್ ಕಾರ್ಡಿನ ಮುಖ್ಯ ನಮೂದು ಬರೀರಿ. ಎರಡನೇ ವಾರದಲ್ಲೇ ಕಲಿತಿರ್ತೀರಿ. ಹತ್ತು ನಿಮಿಷ."

ಒಬ್ಬ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ, ಯಾವುದು ಮೇಲು ಯಾವುದು ಕೆಳಗು ಎಂದು. ಮುಂದಿನ ಬೆಂಚಿನ ತುದಿಯಲ್ಲಿ ಪಂಚಾಯ್ತಿ ಗ್ರಂಥಾಲಯದವಳೊಬ್ಬಳು ಅಂಚಿನ ಗೆರೆ ಎಳೆದುಕೊಂಡು ಬರೆಯುತ್ತಿದ್ದಳು. ಅಧಿಕಾರಿ ಕಾರ್ಡುಗಳನ್ನು ಒಟ್ಟು ಮಾಡಿ ನೋಡಿ, ಒಂದನ್ನು ಬೇರೆ ಇಟ್ಟು, ಮಿಕ್ಕದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿದರು. ರಿಜಿಸ್ಟರ್ ಮುಚ್ಚಿದರು.

"ಮೇಡಂ, ಈ ರಿಜಿಸ್ಟರಲ್ಲಿ ಒಂದು ಸಾಲನ್ನೂ ನಾನು ಒಪ್ಪೋದಕ್ಕಾಗಲ್ಲ."

ಅವಳು ಎದ್ದು ನಿಂತಳು. "ಸಾ, ನಾನು ಬತ್ತಿದ್ದೆ ಸಾ. ಒಂದ್ ವಾರಾನೂ ಬುಟ್ಟಿಲ್ಲ."

"ಬರೆದಿರೋದು ಚೆನ್ನಾಗಿದೆಯಮ್ಮ. ಆದರೆ ಇದು ಪರೀಕ್ಷೆ ಅಲ್ಲ. ಬರೆಯೋಕೆ ಬರುತ್ತೆ ಅನ್ನೋದು ಬೇರೆ, ಹಾಜರಿದ್ದರು ಅನ್ನೋದು ಬೇರೆ. ಮನೇಲೂ ಕಲೀಬಹುದಲ್ಲ? ನೀವು ಬಂದಿದ್ದಕ್ಕೆ ರಿಜಿಸ್ಟರ್ ಬಿಟ್ಟು ಬೇರೆ ದಾಖಲೆ ಇದ್ದರೆ ಬುಧವಾರದೊಳಗೆ ಕೊಡಿ. ನಿಮ್ಮದನ್ನ ಪ್ರತ್ಯೇಕವಾಗಿ ಪರಿಗಣಿಸೋಕೆ ಶಿಫಾರಸು ಮಾಡ್ತೀನಿ."

ಮೂರು ದಿನ. ಅದು ಸಾಕೆಂದೇ ನಾನು ಅಂದುಕೊಂಡೆ. ಹನ್ನೆರಡು ಸಲ ಬಂದವಳ ಒಂದಾದರೂ ಗುರುತು ಸಿಗದಿರುತ್ತದೆಯೇ?

ಮೊದಲು ಅವಳ ಪ್ರಾಕ್ಟಿಕಲ್ ರೆಕಾರ್ಡ್ ತೆಗೆದೆವು. ಪ್ರತಿ ಅಭ್ಯಾಸದ ಕೆಳಗೆ ಶಿಕ್ಷಕರ ಸಹಿ, ದಿನಾಂಕ ಇರಬೇಕು. ಇತ್ತು. ಆದರೆ ಹನ್ನೆರಡು ಅಭ್ಯಾಸಕ್ಕೂ ಒಂದೇ ದಿನಾಂಕ. ಬಾರದವರು ಕೊನೆಯಲ್ಲಿ ಯಾರದೋ ರೆಕಾರ್ಡ್ ನೋಡಿ ಬರೆದುಕೊಂಡು ತರುತ್ತಿದ್ದರಲ್ಲ, ಅವರಿಗೆ ಅನುಕೂಲವಾಗಲೆಂದು ಎಲ್ಲರದ್ದಕ್ಕೂ ಕೊನೆಯ ದಿನ ಒಟ್ಟಿಗೇ ಸಹಿ ಹಾಕುವುದು ನನ್ನ ಪದ್ಧತಿ. ಅವಳು ವಾರವಾರವೂ ರೆಕಾರ್ಡ್ ಮುಂದಿಟ್ಟಿದ್ದಳು. ಆಮೇಲೆ ಹಾಕುತ್ತೇನೆ, ಎಲ್ಲರದ್ದೂ ಸೇರಿಸಿ ಎಂದು ನಾನೇ ಮುಚ್ಚಿ ಕೊಟ್ಟಿದ್ದೆ.

ಆಮೇಲೆ ಫೋಟೋ. ಪ್ರತಿ ತರಗತಿಯ ಫೋಟೋವನ್ನು ಮೈಸೂರಿಗೆ ಕಳಿಸಬೇಕಿತ್ತು. ಮೊದಲ ದಿನ ಕೋಣೆ ತುಂಬಿದ್ದಾಗ ಒಂದು ಒಳ್ಳೆಯ ಫೋಟೋ ತೆಗೆದಿದ್ದೆ, ಹನ್ನೆರಡು ವಾರವೂ ಅದನ್ನೇ ಕಳಿಸಿದ್ದೆ. ಏಳನೆಯ ವಾರ ಅವಳೊಬ್ಬಳೇ ಕೂತಿದ್ದ ಕೋಣೆಯನ್ನು ತೆಗೆದಿದ್ದರೆ ಇವತ್ತು ಅದೇ ಸಾಕ್ಷಿಯಾಗುತ್ತಿತ್ತು. ಖಾಲಿ ಬೆಂಚು ಕಾಣಿಸುತ್ತದಲ್ಲ ಎಂದು ತೆಗೆದಿರಲಿಲ್ಲ.

ಕಾವಲುಗಾರನನ್ನು ಕೇಳಿದೆ. "ಬತ್ತಿತ್ತು ಕಣವ್ವ ಆ ಎಣ್ಣು. ಗೇಟು ತಗೀಯೋಕ್ ಮುಂಚೇನೇ ನಿಂತಿರದು" ಎಂದ. ಬರೆದು ಕೊಡುತ್ತೇನೆ ಎಂದೂ ಹೇಳಿದ. ಅಧಿಕಾರಿಗೆ ಫೋನು ಮಾಡಿದರೆ, ಅವನು ನಿಮ್ಮ ಸಂಘದಿಂದಲೇ ಸಂಬಳ ತಗೊಳ್ಳುವವನಲ್ಲವೇ ಎಂದರು.

ಮಂಗಳವಾರ ಮಧ್ಯಾಹ್ನ ಅವಳೇ ಫೋನು ಮಾಡಿದಳು. ದನಿಯಲ್ಲಿ ಜೀವ ಬಂದಿತ್ತು.

"ಮೇಡಂ, ಬಸ್ಸಿನ ಟಿಕೇಟವೆ ನಂತಾವು! ಎಂಗಸ್ರಿಗೆ ಪುಕ್ಕಟೆ ಟಿಕೇಟ್ ಕೊಡ್ತಾರಲ್ಲ, ಅದ್ರಲ್ಲಿ ತಾರೀಕು, ಟೈಮು, ಎಲ್ಲಿಂದ ಎಲ್ಲೀಗಂಟ, ಎಲ್ಲ ಇರ್ತದೆ. ನಾನು ಒಂದ್ನೂ ಎಸ್ದಿಲ್ಲ. ಬುಕ್ಕಿನ ಮಧ್ಯ ಗುರ್ತಿಗೆ ಇಕ್ಕತ್ತಿದ್ದೆ."

ತಕ್ಷಣ ಹೊರಟು ಬಾ ಎಂದೆ. ನಾನು ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಬಸ್ ನಿಲ್ದಾಣಕ್ಕೇ ಹೋಗಿ ಕಾದೆ. ಇಳಿದವಳೇ ಅಲ್ಲೇ ಬೆಂಚಿನ ಮೇಲೆ ಪಠ್ಯಪುಸ್ತಕ ಬಿಡಿಸಿದಳು. ನಲವತ್ತಕ್ಕೂ ಹೆಚ್ಚು ಟಿಕೇಟುಗಳು ಪುಟಗಳ ನಡುವೆ ಮಡಿಕೆಯಿಲ್ಲದೆ ಕೂತಿದ್ದವು. ಒಂದೊಂದಾಗಿ ತೆಗೆದು ನೋಡಿದೆವು. ಎಲ್ಲ ಬಿಳಿ. ಆ ಕಾಗದದ ಅಚ್ಚು ಶಾಖಕ್ಕೆ ನಿಲ್ಲುವುದಿಲ್ಲ. ತಗಡಿನ ಮಾಡಿನ ಗ್ರಂಥಾಲಯದಲ್ಲಿ ಇಡೀ ಬೇಸಿಗೆ ಇದ್ದ ಪುಸ್ತಕ ಅದು. ಕೆಲವುಗಳಲ್ಲಿ ಬೂದು ಗೆರೆಯೊಂದು ಉಳಿದಿತ್ತು, ಓದಲು ಬರುವಂಥದ್ದು ಒಂದೂ ಇರಲಿಲ್ಲ. ಅವಳು ಒಂದನ್ನು ಬೆಳಕಿಗೆ ಹಿಡಿದಳು, ಓರೆ ಮಾಡಿದಳು, ಕೊನೆಗೆ ಸೆರಗಿನಲ್ಲಿ ಒರೆಸಿ ನೋಡಿದಳು.

"ಏಪ್ರಿಲ್ನಲ್ಲೂ ಕಾಣ್ತಿತ್ತು ಮೇಡಂ" ಎಂದಳು.

ಅಲ್ಲೇ ನಿಲ್ದಾಣದ ಕಚೇರಿಗೆ ಹೋಗಿ ವಿಚಾರಿಸಿದೆವು. ಪಾಪ, ಆ ಮನುಷ್ಯ ಸಾವಧಾನವಾಗಿಯೇ ಹೇಳಿದರು. "ಯಂತ್ರದ ಲೆಕ್ಕ ಇರುತ್ತೆ ಮೇಡಂ, ಇಷ್ಟು ಜನ ಹೆಂಗಸ್ರು ಹತ್ತಿದ್ರು ಅಂತ. ಯಾರು ಅಂತ ಇರಲ್ಲವಲ್ಲ." ಅವಳು ಮತ್ತೆ ಟಿಕೇಟುಗಳನ್ನು ಪುಸ್ತಕದೊಳಗೇ ಇಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದಳು. ಅವತ್ತು ಕಂಡಕ್ಟರು ಹರಿದುಕೊಟ್ಟ ಟಿಕೇಟಿನಲ್ಲಿ ಅಕ್ಷರ ಕಪ್ಪಗೆ, ಸ್ಪಷ್ಟವಾಗಿದ್ದಿರಬೇಕು.

ಇನ್ನು ಉಳಿದದ್ದು ನನ್ನ ಬಾಯಿ ಒಂದೇ. ಸಂಜೆ ಅಧ್ಯಕ್ಷರ ಮನೆಗೆ ಹೋಗಿ, ನಿಜ ಬರೆದುಕೊಡುತ್ತೇನೆ ಎಂದೆ. ರಿಜಿಸ್ಟರ್ ತುಂಬಿದ್ದು ನಾನು, ಯಾವ ವಾರ ಯಾರು ಬಂದಿದ್ದರೆಂದು ನನಗೆ ನೆನಪಿರುವಷ್ಟೂ ಬರೆಯುತ್ತೇನೆ, ಎಲ್ಲ ವಾರವೂ ಬಂದವಳು ಇವಳೊಬ್ಬಳೇ ಎಂದು ಬರೆಯುತ್ತೇನೆ.

ಅಧ್ಯಕ್ಷರು ಎದುರಿಗಿದ್ದ ಪೇಪರು ಮಡಿಚಿಟ್ಟರು. "ಒಬ್ಬಳಿಗೋಸ್ಕರ ಇಪ್ಪತ್ತು ಜನರನ್ನ ಮುಳುಗಿಸ್ತೀಯೇನಮ್ಮ?"

"ಇಪ್ಪತ್ತು ಜನ ಈಗಾಗಲೇ ಮುಳುಗಿದ್ದಾರೆ ಸರ್. ಆ ಕಾರ್ಡುಗಳನ್ನ ನೀವೂ ನೋಡಿದಿರಲ್ಲ."

"ಸಂಘ?"

ಸಂಘ ಅವರ ನಿವೃತ್ತಿಯ ನಂತರದ ಬದುಕೇ ಆಗಿತ್ತು. ಅವರು ಎದ್ದು ಒಳಗೆ ಹೋದರು. ಅವರ ಮನೆಯವರು ತಂದಿಟ್ಟ ಕಾಫಿ ಆರಿತು, ಅವರು ಹೊರಗೆ ಬರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ಆಮೇಲೆ ಅವರು ನನ್ನೊಡನೆ ಮಾತಾಡಿದ್ದು ಕಡಿಮೆ.

ಬುಧವಾರ ಬೆಳಗ್ಗೆ ರೈಲಿನಲ್ಲಿ ಮೈಸೂರಿಗೆ ಹೋದೆ. ಹೇಳಿಕೆ ಮೂರು ಪುಟವಿತ್ತು, ಕೈಯಲ್ಲೇ ಬರೆದಿದ್ದೆ. ಮೊದಲು ಕಳಿಸಿದ್ದ ಕಣ್ತಪ್ಪಿನ ವಿವರಣೆ ಸುಳ್ಳೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೆ. ಅಧಿಕಾರಿ ಪೂರ್ತಿ ಓದಿದರು. ಎರಡನೆಯ ಪುಟಕ್ಕೆ ಬಂದಾಗ ಒಮ್ಮೆ ತಲೆಯೆತ್ತಿ ನೋಡಿದರು.

"ಮೇಡಂ, ಇದನ್ನ ಬರೆಯೋಕೆ ನಿಮಗೆ ಕಷ್ಟವಾಗಿರುತ್ತೆ. ಆದರೆ ಒಂದು ಮಾತು. ಇಪ್ಪತ್ತೊಂದು ಸಾಲು ಸುಳ್ಳು ಬರೆದಿದ್ದೀನಿ ಅಂತ ನೀವೇ ಹೇಳ್ತಿದ್ದೀರಿ. ಹೋದ ವಾರ ನಮಗೆ ಇನ್ನೊಂದು ಸುಳ್ಳು ಬರೆದಿರಿ. ಇಪ್ಪತ್ತೆರಡನೇ ಸಾಲು ನಿಜ ಅನ್ನೋದನ್ನ ನಾನು ಯಾರ ಮಾತಿನ ಮೇಲೆ ನಂಬಲಿ?"

"ನನ್ನ ಮಾತಿನ ಮೇಲೆ" ಎಂದೆ. ಎಂದ ಮೇಲೆ ಅದು ಎಷ್ಟು ಪೊಳ್ಳೆಂದು ನನಗೇ ಕೇಳಿಸಿತು.

"ನೀವು ಹೇಳ್ತಿರೋದು ನಿಜ ಅಂತಲೇ ನನಗೂ ಅನ್ಸುತ್ತೆ. ನಂಬೋದು ಬೇರೆ, ಫೈಲಿನಲ್ಲಿ ಬರೆಯೋದು ಬೇರೆ."

ಆದರೂ ಶಿಫಾರಸು ಬರೆಯುತ್ತೇನೆ ಎಂದರು. ಬರೆದರಂತೆ ಕೂಡ. ಮೇಲಿನವರು ಒಪ್ಪಲಿಲ್ಲ.

ಆದೇಶ ಹದಿನೈದು ದಿನಕ್ಕೆ ಬಂತು. ನಮ್ಮ ಕೇಂದ್ರದ ಹಾಜರಿ ಪೂರ್ತಿ ರದ್ದು, ಸಂಪರ್ಕ ತರಗತಿ ನಡೆಸಲು ಸಂಘಕ್ಕೆ ಕೊಟ್ಟಿದ್ದ ಒಪ್ಪಿಗೆ ವಾಪಸ್ಸು. ವಿದ್ಯಾರ್ಥಿಗಳು ಮುಂದಿನ ವರ್ಷ ಮೈಸೂರಿನಲ್ಲಿ ತರಗತಿಗೆ ಹಾಜರಾಗಿ ಪರೀಕ್ಷೆ ಬರೆಯಬಹುದು, ನೋಂದಣಿ ಅವಧಿ ಉಳಿದಿರುವವರು ಮಾತ್ರ. ಪಟ್ಟಿ ಇಟ್ಟುಕೊಂಡು ನೋಡಿದೆ. ಇಪ್ಪತ್ತು ಜನರಿಗೆ ಅವಧಿ ಉಳಿದಿತ್ತು. ಕಾರ್ಡು ತಿರುಗಿಸಿ ನೋಡಿದವನಿಗೂ, ಕೋಣೆ ಹುಡುಕಿಕೊಂಡು ಬಂದವರಿಗೂ ಉಳಿದಿತ್ತು. ಅವಳೊಬ್ಬಳಿಗೆ ಇರಲಿಲ್ಲ.

ಫೋನಿನಲ್ಲಿ ಹೇಳುವುದು ಹೇಡಿತನವೆನ್ನಿಸಿ ನಾನೇ ಹೊರಟೆ. ಅವಳು ಹನ್ನೆರಡು ಸಲ ಬಂದ ದಾರಿಯಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ನರಸೀಪುರದಲ್ಲಿ ಎರಡನೆಯ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಬಿಸಿಲಿತ್ತು, ಕೂರಲು ಜಾಗವಿರಲಿಲ್ಲ.

ಪಂಚಾಯ್ತಿ ಕಚೇರಿಯ ಪಕ್ಕ ಒಂದೇ ಕೋಣೆಯ ಗ್ರಂಥಾಲಯ. ಒಳಗೆ ಇಬ್ಬರು ಮುದುಕರು ಪೇಪರು ಓದುತ್ತಿದ್ದರು. ಅವಳು ನನ್ನನ್ನು ಕಂಡು ಎದ್ದು ನಿಂತಳು, ಮುಖ ನೋಡಿ ತಿಳಿದುಕೊಂಡಳು. ಆದೇಶದ ಪ್ರತಿಯನ್ನು ಕೈಗೆ ಕೊಟ್ಟೆ. ಓದಿ, ಮಡಿಚಿ, ಮೇಜಿನ ಖಾನೆಯಲ್ಲಿಟ್ಟಳು. ನನಗೆ ಕುರ್ಚಿ ಒರೆಸಿ ಕೊಟ್ಟಳು.

"ತಪ್ಪು ನನ್ನದು. ಏನು ಹೇಳಿದರೂ ಕಡಿಮೆ" ಎಂದೆ. ಕಣ್ಣಲ್ಲಿ ನೀರು ಬಂತು. ಅವಳ ಎದುರು ಅಳುವ ಹಕ್ಕು ನನಗಿಲ್ಲವೆಂದು ತಡೆದುಕೊಂಡೆ.

"ನೀವು ಎಲ್ರಿಗೂ ಆಜ್ರಿ ಆಕ್ಬುಡ್ತೀರ ಅಂತ ನಂಗೆ ಮೊದಲ್ನೇ ತಿಂಗ್ಳೇ ಗೊತ್ತಿತ್ತು ಮೇಡಂ" ಎಂದಳು. "ನಮ್ ಜೊತೇಲಿ ಎಸ್ರು ಬರ್ಸಿದ್ ಟೀಚ್ರೊಬ್ರು ಏಳುದ್ರು, ಸುಮ್ನೆ ಯಾಕ್ ಬಸ್ಸಲ್ಲಿ ಸಾಯ್ತೀಯ, ಮನೇಲಿರು, ಮೇಡಮ್ಮೋರು ನೋಡ್ಕತಾರೆ ಅಂತ."

"ಮತ್ತೆ ಯಾಕೆ ಬರ್ತಿದ್ದೆ?"

ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ಪಾಠ ಕೇಳಕ್ಕೆ."

ನಾನು ಸುತ್ತ ನೋಡಿದೆ. ನಾಲ್ಕು ಕಬ್ಬಿಣದ ಕಪಾಟುಗಳು. ಪ್ರತಿ ಪುಸ್ತಕದ ಬೆನ್ನಿಗೂ ಬಿಳಿ ಚೀಟಿ, ಚೀಟಿಯ ಮೇಲೆ ವರ್ಗ ಸಂಖ್ಯೆ. ನನ್ನ ಕಾಲೇಜಿನಲ್ಲೂ ಅಷ್ಟು ಓರಣವಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಕ್ಯಾಟಲಾಗ್ ಕಾರ್ಡುಗಳು, ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ ಮಾಡಿದವು. ಮೂಲೆಯಲ್ಲಿ ಮಾತ್ರ ವಾರಪತ್ರಿಕೆ, ಮಾಸಪತ್ರಿಕೆಗಳು ಹಗ್ಗ ಕಟ್ಟಿ ರಾಶಿ ಬಿದ್ದಿದ್ದವು.

"ಅದೊಂದ್ ಉಳ್ಕಂಡ್ಬುಡ್ತು" ಎಂದಳು ನನ್ನ ಕಣ್ಣು ಅತ್ತ ಹೋದದ್ದನ್ನು ಕಂಡು. "ಪತ್ರಿಕೆ ನಮೂದು ಕೊನೇ ಪಾಠದಲ್ಲಿತ್ತು. ಅವತ್ತು ನೀವು ರೆಕಾರ್ಡ್ ಸಹಿ ಮಾಡೋದ್ರಲ್ಲಿದ್ರಿ."

ಹೌದು. ಆ ಪಾಠವನ್ನು ಮುಗಿಸಿದೆನೆಂದೂ ನಾನು ಬರೆದಿದ್ದೆ. ಕೈಚೀಲದಿಂದ ಪೆನ್ನು ತೆಗೆದೆ, ಮೇಜಿನ ಮೇಲಿದ್ದ ಖಾಲಿ ಕಾರ್ಡೊಂದನ್ನು ಎಳೆದುಕೊಂಡೆ. "ಈಗಲೇ ಹೇಳಿಕೊಡ್ತೀನಿ. ಅರ್ಧ ಗಂಟೆ ಸಾಕು. ಮೊದಲ ಸಂಚಿಕೆ ಯಾವಾಗ ಬಂತು ನೋಡ್ಕೊಂಡು..."

ಅವಳು ಕಾರ್ಡಿನ ಮೇಲೆ ಕೈಯಿಟ್ಟಳು. ಸಿಟ್ಟಿನಿಂದಲ್ಲ. ಅವಳ ಮುಖದಲ್ಲಿ ಸಿಟ್ಟನ್ನು ನಾನು ಆ ದಿನವಿಡೀ ಹುಡುಕಿದೆ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಬ್ಯಾಡಿ ಮೇಡಂ. ಇನ್ನ ಯಾತಕ್ಕೆ?"

ಎದ್ದು ಹೋಗಿ ಮುದುಕರೊಬ್ಬರು ಓದಿ ಬಿಟ್ಟ ಪೇಪರಿನ ಹಾಳೆಗಳನ್ನು ಜೋಡಿಸತೊಡಗಿದಳು. ನಾನು ಪೆನ್ನು ಹಿಡಿದುಕೊಂಡು ಕೂತೇ ಇದ್ದೆ.